ಇಳಿಜಾರಿನ ಅಂಚಿನಲ್ಲಿ ನಿಂತವನು

ಫೆಬ್ರವರಿ ಹತ್ತು. ಮೂರು ದಿನ ಸುರಿದ ಹಿಮ ಬೆಳಿಗ್ಗೆ ನಿಂತು ಬಿಸಿಲು ಬಂದಿತ್ತು. ಬೆಟ್ಟದ ಆಶ್ರಮದಲ್ಲಿ ಶಿಷ್ಯ ಗಿರಿಮಲ್ಲ ಕೇಳಿದ: "ಗುರುಗಳೇ, ಕಷ್ಟದಲ್ಲಿರುವವನು ಕೂಗಿ ಕರೆದಾಗ ಹೋಗದೆ ನಿಲ್ಲುವುದು ಎಂದಾದರೂ ಸರಿಯೇ?"

ಗುರುಗಳು ಒಂದು ಕತೆ ಹೇಳಿದರು.

ಅಣ್ಣ ತಮ್ಮ ಇಬ್ಬರು. ಚಳಿಗಾಲದಲ್ಲಿ ದಾರಿ ಮುಚ್ಚಿದ ಹಳ್ಳಿಗಳಿಗೆ ಸ್ನೋಮೊಬೈಲಿನಲ್ಲಿ, ಎಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿಯಲ್ಲಿ, ಔಷಧ ಮುಟ್ಟಿಸುವುದು ಅವರ ಕೆಲಸ. ಒಂದು ದಿನ ಇಂಥದೇ ಹೊಸ ಹಿಮ. ಹಳ್ಳಿಗೆ ಮುಂಚೆ ಒಂದು ಕಡಿದಾದ ಇಳಿಜಾರನ್ನು ಅಡ್ಡ ಹಾಯಬೇಕು, ಬೇರೆ ದಾರಿಯಿಲ್ಲ. ಹಿಮ ಭಾರ ತಡೆದೀತೇ ಎಂದು ತಿಳಿಯಲು ಅಣ್ಣ ಅಂಚಿನಲ್ಲಿ ಗುಂಡಿ ತೋಡಿ ನೋಡಿದ. ಮೇಲೆ ಸೊಂಟದೆತ್ತರ ಹೊಸ ಹಿಮ. ಅದರಡಿ ಸಕ್ಕರೆಯ ಹಾಗೆ ಉದುರುವ ಹಳೆಯ ಪದರ. ಸಲಿಕೆಯಿಂದ ತಟ್ಟಿದ. ಮೇಲಿನ ಹಿಮ ಒಮ್ಮೆ ಜಾರಿತು, ಇನ್ನೊಮ್ಮೆ ಜಾರಲಿಲ್ಲ. ತಡೆದೀತು ಎನ್ನುವಂತಿಲ್ಲ, ಕುಸಿದೀತು ಎನ್ನುವಂತೆಯೂ ಇಲ್ಲ.

"ಒಬ್ಬೊಬ್ಬರಾಗಿ ದಾಟೋಣ. ಏನೇ ಆದರೂ ಇಬ್ಬರ ಭಾರ ಅದರ ಮೇಲೆ ಬೀಳಬಾರದು," ಎಂದ.

"ನಿನ್ನೊಬ್ಬನ ಭಾರವೇ ಇಬ್ಬರದಷ್ಟಿದೆ ಅಣ್ಣಾ. ನಾನೇ ಮೊದಲು ಹೋಗ್ತೀನಿ," ಎಂದು ತಮ್ಮ ನಕ್ಕು ಹೊರಟ.

ನಡುವೆ ಬಂಡಿ ಹೂತುಕೊಂಡಿತು. ತೋಡಿದಷ್ಟೂ ಹಿಮ ಜಾರಿ ತುಂಬಿಕೊಳ್ಳುತ್ತಿತ್ತು. ತಮ್ಮ ಕೂಗಿದ: "ಬಾರೋ ಅಣ್ಣಾ! ಒಬ್ಬನ ಕೈಲಿ ಆಗೋದಿಲ್ಲ."

"ತೋಡು. ನಾನು ನೋಡ್ತಾ ಇದ್ದೀನಿ."

"ನಿಂಗೆ ಕಣ್ಣಷ್ಟೇ ಇರೋದಾ? ಕೈ ಇಲ್ವಾ?"

ಅಣ್ಣ ಕದಲಲಿಲ್ಲ. ಸಲಿಕೆ ಹಿಡಿದು ಅಂಚಿನಲ್ಲೇ ನಿಂತ. ಹಿಮ ಕುಸಿದು ತಮ್ಮ ಮುಚ್ಚಿಹೋದರೆ ಅಗೆದು ತೆಗೆಯಲು ಒಬ್ಬನಾದರೂ ಹೊರಗಿರಬೇಕು. ಎರಡು ಗಂಟೆ ಕಳೆಯಿತು. ತಮ್ಮ ಬೈದ, ಅತ್ತ, ಕೊನೆಗೆ ಕರೆಯುವುದನ್ನೂ ಬಿಟ್ಟ. ಹೇಗೋ ಬಂಡಿ ಎದ್ದಿತು. ಅವನು ದಾಟಿದ, ಆಮೇಲೆ ಅಣ್ಣನೂ ದಾಟಿದ. ಔಷಧ ಹಳ್ಳಿಗೆ ಮುಟ್ಟಿತು. ಇಳಿಜಾರು ಆ ದಿನ ಕುಸಿಯಲಿಲ್ಲ, ಆ ಚಳಿಗಾಲವಿಡೀ ಕುಸಿಯಲಿಲ್ಲ.

ಗಿರಿಮಲ್ಲನಿಗೆ ಗೊಂದಲವಾಯಿತು. ಅಣ್ಣ ಹೋಗದ್ದರಿಂದ ತಮ್ಮ ಉಳಿದನೋ, ಹೋಗಿದ್ದರೂ ಉಳಿಯುತ್ತಿದ್ದನೋ? ಎಷ್ಟು ಯೋಚಿಸಿದರೂ ಒಂದು ಕಡೆ ನಿಲ್ಲಲಾಗಲಿಲ್ಲ.

"ಇಬ್ಬರ ಭಾರಕ್ಕೆ ಅದು ಕುಸಿಯುತ್ತಿತ್ತೇ?" ಎಂದ.

"ಅಣ್ಣನಿಗೂ ಗೊತ್ತಾಗಲಿಲ್ಲ. ಬೇಸಿಗೆಗೆ ಆ ಹಿಮ ಕರಗಿಹೋಯಿತು."

"ಹೇಗಿದ್ದರೂ ತಮ್ಮ ಬದುಕಿದನಲ್ಲ. ಅಣ್ಣನಿಗೆ ನಷ್ಟವೇನೂ ಆಗಲಿಲ್ಲ."

ಗುರುಗಳು ಹೇಳಿದರು: "ಬದುಕಿದ್ದಾನೆ, ಅಂದಿನಿಂದ ಅಣ್ಣನೊಡನೆ ಮಾತು ಬಿಟ್ಟಿದ್ದಾನೆ."