ನೋವು ಯಾರಿಗೆ ಎಂದು ಕೇಳಿದ ಗಾದಿಲಿಂಗಪ್ಪ

ಹಿಂದೆ, ಬಲು ಹಿಂದೆ, ಹಗರಿ ಹೊಳೆಯ ದಂಡೆಗೆ ಒಂದು ಊರು. ಊರೆಂದರೆ ನಮ್ಮ ಬಸರಿಗಟ್ಟೆಯೇ, ಬೇರೆಯದಲ್ಲ. ಆಗ ಇಷ್ಟು ಮನೆಗಳಿರಲಿಲ್ಲ, ಟಾರು ರಸ್ತೆ ಇರಲಿಲ್ಲ, ಆಸ್ಪತ್ರೆ ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ. ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜನನ್ನು ಕೇಳಿದರೆ ಅವನಜ್ಜನ ಕಾಲ ಅನ್ನುತ್ತಿದ್ದ, ಅವನಜ್ಜನೂ ಹಾಗೇ ಅಂದಿದ್ದನಂತೆ. ಆ ಊರಲ್ಲಿ ಗಾದಿಲಿಂಗಪ್ಪ ಎಂಬ ಕುರುಬರವನಿದ್ದ. ಮುರಿದ ಎಲುಬು ಕೂಡಿಸುವುದು ಅವನ ಕೆಲಸ.

ಕುರಿಗಳ ಕಾಲು ಕಟ್ಟಿ ಕಟ್ಟಿ ಕಲಿತನಂತೆ. ಎಲುಬು ಸರಿಗೆ ತಂದು, ಉದ್ದಿನ ಹಿಟ್ಟಿಗೆ ಕೋಳಿಮೊಟ್ಟೆ ಕಲಸಿ ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಕುರಿ ಎದ್ದು ಬೇಲಿ ಹಾರುತ್ತಿತ್ತು. ಆಮೇಲೆ ಜನ ಬರತೊಡಗಿದರು. ಅವನ ಬಗ್ಗೆ ಏನೇನೋ ಹೇಳುತ್ತಾರೆ. ಗಾಡಿ ಉರುಳಿ ಏಳು ಕಡೆ ಮುರಿದ ಎತ್ತನ್ನು ಎಬ್ಬಿಸಿ ನಡೆಸಿದನಂತೆ. ನೀರು ತುಂಬಿದ ಕೊಡ ಹೊತ್ತ ಹೆಂಗಸು ಬೀದಿಯಲ್ಲಿ ಹೋಗುವ ಸದ್ದು ಕೇಳಿಯೇ ಅವಳ ಯಾವ ಮಂಡಿ ಸವೆದಿದೆ ಎಂದು ಒಳಗಿನಿಂದ ಹೇಳುತ್ತಿದ್ದನಂತೆ. ನಾನು ನೋಡಿಲ್ಲ. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಆದರೆ ಒಂದು ಮಾತು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಕುರಿಗಿಂತ ಮನುಷ್ಯನ ಕಾಲು ಕಟ್ಟುವುದು ಕಷ್ಟ ಅನ್ನುತ್ತಿದ್ದನಂತೆ ಗಾದಿಲಿಂಗಪ್ಪ. ಕೈ ಇಡುವ ಮೊದಲೇ ಮನುಷ್ಯ ಮೈ ಬಿಗಿ ಹಿಡಿಯುತ್ತಾನೆ. ಮಾಂಸ ಬಿಗಿದರೆ ಎಲುಬು ಜಾಗಕ್ಕೆ ಬರುವುದಿಲ್ಲ. ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡಿದ್ದ. ಬಿಸಿ ಹರಳೆಣ್ಣೆ ನೀವುತ್ತಾ ನೀವುತ್ತಾ ಮೆಲ್ಲಗೆ ಕೇಳುತ್ತಿದ್ದ, ನೋವು ಯಾರಿಗೆ ಅಂತ. ನನಗೇ, ಇನ್ಯಾರಿಗೆ ಅನ್ನುತ್ತಿದ್ದರು ಬಂದವರು.

“ಆ ‘ನಾನು’ ಅನ್ನೋನು ಎಲ್ಲಿ ಅದಾನ? ಕಾಲಾಗದಾನೋ, ಎದಿಯಾಗದಾನೋ, ತೆಲಿಯಾಗದಾನೋ? ನೋಡಿ ಹೇಳು.”

ಬಂದವನು ಕಣ್ಣು ಮೇಲೆ ಮಾಡಿ ಹುಡುಕತೊಡಗುತ್ತಿದ್ದ. ಕಾಲಿನಲ್ಲಿ ಇದ್ದಾನೆ ಅನ್ನೋಣವೆಂದರೆ ಕಾಲು ತನ್ನದು, ತಾನಲ್ಲ. ಎದೆ ಅನ್ನೋಣವೆಂದರೆ ಅದೂ ತನ್ನದೇ. ಹೀಗೆ ಹುಡುಕುವಾಗ ಒಂದು ಗಳಿಗೆ ಮೈ ಸಡಿಲವಾಗುತ್ತಿತ್ತು. ಅಷ್ಟೇ ಸಾಕು, ಗಾದಿಲಿಂಗಪ್ಪ ಎಳೆದೇ ಬಿಡುತ್ತಿದ್ದ. ಟಕ್ ಅಂತ ಎಲುಬು ಕೂತು, ಬಂದವನು ಹೋ ಅಂದು ಬಯ್ಯುವಷ್ಟರಲ್ಲಿ ಹೆಂಡತಿ ಸುಂಕಮ್ಮ ಹಿಟ್ಟು ಮೆತ್ತುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಏನು ಅಂತ ಯಾರೂ ಹೇಳಲಿಲ್ಲ, ಅವನೂ ಕಾದು ಕೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಎಲುಬು.

ಹೀಗಿರಲು ಒಂದು ಸಲ ಊರಿಗೆ ಶೇಷಾವಧಾನಿಗಳು ಬಂದರು. ದೊಡ್ಡ ವೇದಾಂತಿಗಳು. ನಲವತ್ತು ವರ್ಷ ಊರಿಂದೂರಿಗೆ ಕಾಲ್ನಡಿಗೆಯಲ್ಲೇ ಹೋಗಿ ಪ್ರವಚನ ಹೇಳಿದವರು. ಮನೆಯಿಲ್ಲ, ಮಠವಿಲ್ಲ, ಗಾಡಿ ಹತ್ತುವುದಿಲ್ಲವೆಂಬ ವ್ರತ ಬೇರೆ. ಕಾಲೇ ಅವರ ಆಸ್ತಿ. ಆ ದಿನ ಅರಳಿಕಟ್ಟೆಯ ಮೇಲೆ ಕೂತು ಹಗ್ಗ ಮತ್ತು ಹಾವಿನ ದೃಷ್ಟಾಂತ ಹೇಳಿದರಂತೆ. ಮಬ್ಬಿನಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಕಂಡು ಅಂಜುತ್ತೇವೆ, ಬೆಳಕು ತಂದು ನೋಡಿದರೆ ಹಾವೂ ಇಲ್ಲ, ಅಂಜಿಕೆಯೂ ಇಲ್ಲ, ಈ ಸಂಸಾರವೂ ಹಾಗೆಯೇ ಅಂತ. ಜನ ತಲೆದೂಗಿದರು. ಹೊತ್ತು ಮುಳುಗುತ್ತಿತ್ತು. ಅವಧಾನಿಗಳು ಪುಸ್ತಕ ಕಟ್ಟಿ ಎದ್ದು ಕಟ್ಟೆಯಿಂದ ಕಾಲು ಕೆಳಗಿಟ್ಟರು. ಅಲ್ಲೊಂದು ಎತ್ತು ಕಟ್ಟುವ ಮಿಣಿಹಗ್ಗ ಬಿದ್ದಿತ್ತು. ಹಾವು ಎಂದು ಚೀರಿ, ಇದ್ದಲ್ಲಿಂದ ಮಾರುದೂರ ಹಾರಿ, ಕಲ್ಲಿನ ಮೇಲೆ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡರು.

ಊರಿಗೆ ಊರೇ ನೋಡಿತು. ಒಬ್ಬರೂ ನಗಲಿಲ್ಲ. ನಮ್ಮ ಹಿರಿಯರಿಗೆ ಅಷ್ಟು ಮರ್ಯಾದೆ ಇತ್ತು ಅಂತಾರೆ. ಮನೆಗೆ ಹೋಗಿ ಕದ ಹಾಕಿಕೊಂಡು ನಕ್ಕರು ಅಂತಲೂ ಅಂತಾರೆ. ಅವಧಾನಿಗಳು ಮಾತ್ರ ಸಗಣಿ ತುಳಿದು ಜಾರಿದೆ ಎಂದರು. ಹೌದು ಹೌದು, ಸಗಣಿ ಎಂದರು ಜನ. ಎತ್ತಿಕೊಂಡು ಹೋಗಿ ಗಾದಿಲಿಂಗಪ್ಪನ ಪಡಸಾಲೆಯಲ್ಲಿ ಮಲಗಿಸಿದರು.

ಅವನು ಎಣ್ಣೆ ನೀವಿದ. ಎಂದಿನಂತೆ ಕೇಳಿದ, ನೋವು ಯಾರಿಗೆ ಅಂತ. ಅವಧಾನಿಗಳು ಥಟ್ಟನೆ, ನೋವು ದೇಹಕ್ಕೆ, ನಾನು ದೇಹವಲ್ಲ, ನೋಡುವ ಸಾಕ್ಷಿ ಮಾತ್ರ ಎಂದರು. ಶ್ಲೋಕವನ್ನೂ ಹೇಳಿದರು. ಹುಡುಕುವ ಮಾತೇ ಇಲ್ಲ. ಸಾಕ್ಷಿ ಸಾಕ್ಷಿ ಅನ್ನುತ್ತಿದ್ದರೂ ಕಾಲು ಮಾತ್ರ ಒನಕೆಯ ಹಾಗೆ ಬಿಗಿದಿತ್ತು. ಗಾದಿಲಿಂಗಪ್ಪ ಕೈ ತೆಗೆದ.

ಮರುದಿನ ಮತ್ತೆ ಕೇಳಿದ. ಅವಧಾನಿಗಳು ಇನ್ನೂ ಚೆನ್ನಾಗಿ ಉತ್ತರ ಹೇಳಿದರು. ಮೂರನೆಯ ದಿನ ಇನ್ನೂ ಚೆನ್ನಾಗಿ ಹೇಳಿದರು. ಕಾಲು ಇನ್ನೂ ಬಿಗಿಯಾಯಿತು. ಗಾದಿಲಿಂಗಪ್ಪನ ಲೆಕ್ಕದಲ್ಲಿ ಐದು ದಿನ ದಾಟಿದರೆ ಎಲುಬು ಸೊಟ್ಟಗೇ ಕೂಡಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಆಗದು. ಸೊಟ್ಟ ಕಾಲಿನ ಮುದುಕರು ಊರಿಂದೂರಿಗೆ ಹೇಗೆ ನಡೆದಾರು? ಒಂದು ಊರಿನ ಪಡಸಾಲೆಯಲ್ಲಿ ಕೂತು ಪರರ ಅನ್ನಕ್ಕೆ ಕಾಯಬೇಕಾದೀತು. ಅದು ಅವರಿಗೂ ಗೊತ್ತಿತ್ತು. ನಾಲ್ಕನೆಯ ದಿನ ಸುಂಕಮ್ಮ ಗಂಡನನ್ನು ಹಿತ್ತಿಲಿಗೆ ಕರೆದು, ಓದದವರಿಗೆ ಮಾಡಿದ ಔಷಧ ಓದಿದವರಿಗೆ ತಾಗೋದಿಲ್ಲ, ಬೇರೇನಾದರೂ ಕೇಳು ಅಂದಳಂತೆ. ಬೇರೆ ಪ್ರಶ್ನೆ ಅವನಿಗೆ ಗೊತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಗಾದಿಲಿಂಗಪ್ಪ ಬಂದು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟ. ಕಾಲು ಮುಟ್ಟಲಿಲ್ಲ. ಅವಧಾನಿಗಳ ತಲೆಯ ಕಡೆ ನೆಲದ ಮೇಲೆ ಕೂತ.

“ಸ್ವಾಮೇರಾ, ಇದನ್ನ ಸಾವಿರ ಮಂದಿಗೆ ಕೇಳೀನಿ. ಎಲುಬು ಎಳ್ಯಾಕ ಕೇಳೀನಿ, ತಿಳಕೊಳ್ಳಾಕಲ್ಲ. ಉತ್ತರ ನನಗೂ ಗೊತ್ತಿಲ್ಲ. ಇವತ್ತು ಎಳೆಂಗಿಲ್ಲ, ಸುಮ್ಮನ ಕೇಳತೀನಿ. ನೋವು ಖರೇನ ಯಾರಿಗೆ?”

ಅವಧಾನಿಗಳು ಬಾಯಿ ತೆರೆದರು. ಶ್ಲೋಕ ಬರಲಿಲ್ಲ. ನಲವತ್ತು ವರ್ಷದಲ್ಲಿ ಜನ ಅವರನ್ನು ಕೈಮುಗಿದು ಕೇಳಿದ್ದರು, ವಾದಕ್ಕೆ ಕೇಳಿದ್ದರು, ಪರೀಕ್ಷೆಗೆ ಕೇಳಿದ್ದರು. ನನಗೆ ಗೊತ್ತಿಲ್ಲ, ತಿಳಿಯಲಿಕ್ಕೆ ಕೇಳುತ್ತಿದ್ದೇನೆ ಅಂತ ಎದುರಿಗೆ ಕೂತವನು ಇವನೊಬ್ಬನೇ. ಇವನಿಗೆ ಸುಳ್ಳು ಹೇಗೆ ಹೇಳುವುದು? ಸುಂಕಮ್ಮ ಒಲೆ ಊದುವುದನ್ನೂ ನಿಲ್ಲಿಸಿದಳಂತೆ.

“ನನಗ, ಗಾದಿಲಿಂಗಾ,” ಅಂದರು ಕಡೆಗೆ. “ನೋವು ನನಗ. ಸಗಣಿ ತುಳದು ಜಾರಲಿಲ್ಲ ನಾನು. ಹಗ್ಗ ನೋಡಿ ಅಂಜಿದೆ.”

ಹೇಳಿ ಅತ್ತರು. ಸಣ್ಣ ಕೂಸು ಅತ್ತ ಹಾಗೆ ಸದ್ದು ಮಾಡಿ ಅತ್ತರು. ಗಾದಿಲಿಂಗಪ್ಪನ ಕಣ್ಣೂ ಒದ್ದೆಯಾಯಿತಂತೆ. ತಲೆಯ ಹತ್ತಿರ ಕೂತೇ ಇದ್ದ, ಅವರ ಅಳು ಇಳಿಯುವವರೆಗೆ ಕೂತಿದ್ದ. ಆಮೇಲೆ ಎದ್ದು ಕಾಲಿನ ಮೇಲೆ ಕೈಯಿಟ್ಟರೆ ಅದು ಮಾಗಿದ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಇನ್ನು ಎಳೀತೀನಿ ಅಂತ ಹೇಳಿಯೇ ಎಳೆದ. ಹೇಳಿ ಎಳೆದದ್ದು ಅದೇ ಮೊದಲು ಅಂತಾರೆ. ಎಲುಬು ಕೂತಿತು. ಅವಧಾನಿಗಳಿಗೆ ಮೊಟ್ಟೆ ಆಗದು ಅಂತ ಬರೀ ಉದ್ದಿನ ಹಿಟ್ಟು ಮೆತ್ತಿದಳು ಸುಂಕಮ್ಮ.

ಒಂದೂವರೆ ತಿಂಗಳು ಅವರು ಆ ಪಡಸಾಲೆಯಲ್ಲೇ ಮಲಗಿದ್ದರು. ಇಬ್ಬರೂ ಬೆಳಗಿನಿಂದ ಬೈಗಿನತನಕ ಅದೇ ಮಾತು ಆಡುತ್ತಿದ್ದರಂತೆ, ಯಾರಿಗೆ, ಎಲ್ಲಿ ಅಂತ. ಉತ್ತರ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಲು ಮಾತ್ರ ನೆಟ್ಟಗಾಯಿತು. ಹೊರಡುವ ಹಿಂದಿನ ದಿನ ಅದೇ ಕಟ್ಟೆ ಹತ್ತಿ ಅದೇ ದೃಷ್ಟಾಂತ ಹೇಳಿದರು. ಮಿಣಿ ಕಂಡದ್ದು, ಚೀರಿದ್ದು, ಹಾರಿದ್ದು, ಸಗಣಿಯ ಸುಳ್ಳು, ಒಂದನ್ನೂ ಬಿಡಲಿಲ್ಲ. ಊರು ಈ ಸಲ ಕದ ಹಾಕಿಕೊಳ್ಳದೆ ಅವರ ಜೊತೆಗೇ ನಕ್ಕಿತು. ವೇದಾಂತ ನಮಗೆ ತಿಳಿದದ್ದು ಆವತ್ತೇ ಅಂತ ನಮ್ಮಜ್ಜ ಅನ್ನುತ್ತಿದ್ದ, ತಾನೇ ಅಲ್ಲಿ ಕೂತಿದ್ದವನ ಹಾಗೆ.

ಗಾದಿಲಿಂಗಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ಕೈಕಾಲು ಮುರಿದರೆ ಆಸ್ಪತ್ರೆಗೆ ಓಡುತ್ತೇವೆ, ಓಡಬೇಕು ಕೂಡ. ವೇದಾಂತ ನಿಮ್ಮ ಮೊಬೈಲಿನಲ್ಲೇ ಬರುತ್ತದೆ. ಬೆಳಿಗ್ಗೆ ಎದ್ದರೆ ಒಬ್ಬರು ನೀನು ದೇಹವಲ್ಲ ಅಂತ ಹೂವಿನ ಚಿತ್ರ ಕಳಿಸುತ್ತಾರೆ, ಸಂಜೆ ಹಲ್ಲುನೋವು ಅಂತ ಅವರೇ ಗೋಳಾಡುತ್ತಾರೆ. ಆದರೆ ಬಸರಿಗಟ್ಟೆಯಲ್ಲಿ ಒಂದು ರೂಢಿ ಉಳಿದಿದೆ. ಪ್ರವಚನ ಹೇಳಲು ಯಾರೇ ಬರಲಿ, ಕಟ್ಟೆಯ ಮೇಲೆ ಜಮಖಾನ ಹಾಸುವ ಮೊದಲು ಊರಿನ ಹಿರಿಯ ಎದ್ದು ನಿಮಗೆ ನೋವು ಎಲ್ಲಿ ಅಂತ ಕೇಳಬೇಕು. ಬಂದವರು ನಿಜ ಹೇಳಬೇಕು. ಹೇಳುವವರೆಗೆ ಜಮಖಾನ ಸುರುಳಿ ಬಿಚ್ಚುವಂತಿಲ್ಲ. ಮಂಡಿ ಅಂದವರಿದ್ದಾರೆ, ಮಗ ಮಾತಾಡಿಸುವುದಿಲ್ಲ ಅಂದವರಿದ್ದಾರೆ.

ಈಗ ಊರಿಗೆ ಹಿರಿಯ ನಾನೇ. ಹೋದ ವರ್ಷ ಪಟ್ಟಣದಿಂದ ಒಬ್ಬರು ಕಾರಿನಲ್ಲಿ ಬಂದರು. ಮನಶ್ಶಾಂತಿ ಕಲಿಸುವವರಂತೆ, ದೊಡ್ಡ ದೊಡ್ಡ ಕಂಪನಿಯವರೆಲ್ಲ ಕರೆಸುತ್ತಾರಂತೆ. ಮೈಕು, ಪರದೆ, ಲ್ಯಾಪ್‌ಟಾಪು ಎಲ್ಲ ಜೋಡಿಸಿಕೊಂಡರು. ನಾನು ಎದ್ದು ಕೇಳಿದೆ. ನಕ್ಕು, ನನಗೇನೂ ನೋವಿಲ್ಲ, ಆನಂದವಾಗಿದ್ದೇನೆ ಎಂದರು. ಒಳ್ಳೆಯದು ಅಂದು ನಾನು ಕೂತೆ. ಜನವೂ ಕೂತರು. ಹೆಂಗಸರು ಶೇಂಗಾ ಸುಲಿಯುತ್ತಾ ಕೂತರು. ಅವರು ಗಡಿಯಾರ ನೋಡಿಕೊಂಡರು, ನೀರು ಕುಡಿದರು, ಕಾರಿನ ಕಡೆ ಒಮ್ಮೆ ನೋಡಿದರು. ಯಾರೂ ಅವಸರ ಮಾಡಲಿಲ್ಲ. ಅರ್ಧ ಗಂಟೆಯಾದ ಮೇಲೆ ಮೈಕು ಆರಿಸಿ ನನ್ನ ಪಕ್ಕಕ್ಕೆ ಬಂದು ಕೂತರು.

“ನಂಗೆ ನಿದ್ದೆ ಬರಲ್ಲ ಅಜ್ಜ,” ಅಂದರು. “ನಾಲ್ಕು ವರ್ಷ ಆಯ್ತು. ಮಾತ್ರೆ ತಗೊಂಡೇ ಮಲಗ್ತೀನಿ. ಯಾರಿಗೂ ಹೇಳಿಲ್ಲ.”

ನಾನು ಎದ್ದು ಜಮಖಾನ ಹಾಸಿದೆ.