ತಳ ಹಿಡಿದ ಗಂಜಿ

ಮನೆಯಿಲ್ಲದೆ ಬಸ್ ನಿಲ್ದಾಣದಲ್ಲಿ ಮಲಗುವವರಿಗಾಗಿ ಊರವರು ನಡೆಸುತ್ತಿದ್ದ ಗಂಜಿಮನೆಯಲ್ಲಿ ಸೌಟು ಮೇಲಿನ ತಿಳಿಯನ್ನಷ್ಟೇ ಬಡಿಸುತ್ತಿತ್ತು.

“ತಳಕ್ಕಿಳಿ, ಸೌಟೇ. ಅಗುಳೆಲ್ಲ ಕೆಳಗಿದೆ,” ಎಂದಿತು ಹಂಡೆ.

“ಗಟ್ಟಿ ಗಂಜಿ ಇವತ್ತು ಬರಲಿರುವ ಅತಿಥಿಗಳಿಗೆ, ದುಡ್ಡು ಕೊಡುವ ದಾನಿಗಳಿಗೆ. ಅವರು ರುಚಿ ನೋಡಿ ಮೆಚ್ಚಿದರೆ ತಾನೆ ಗಂಜಿಮನೆ ಉಳಿಯುವುದು?”

“ಒಲೆ ಉರಿಯುತ್ತಿದೆ. ನೀನು ತಿರುವದೆ ಹೋದರೆ ತಳ ಹಿಡಿಯುತ್ತದೆ!”

“ಇನ್ನೊಂದು ಗಳಿಗೆ ತಡೆದುಕೋ.”

ಸಾಲಿನಲ್ಲಿದ್ದ ಮುದುಕಿ ದ್ಯಾಮವ್ವ ನೀರಿನಂಥ ಗಂಜಿ ಕುಡಿದು ಮತ್ತೆ ಬಟ್ಟಲು ಚಾಚಿದಳು. ಸೌಟು ಅಲುಗಲಿಲ್ಲ.

ಕೊನೆಗೂ ಅತಿಥಿಗಳು ಬಂದರು. ಸೀದ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಿನಿಂದಲೇ ಹಿಂತಿರುಗಿದರು.

ಸೌಟು ಗಾಬರಿಯಿಂದ ತಳಕ್ಕಿಳಿಯಿತು. ಎಷ್ಟು ಕೆರೆದರೂ ಕರಿಯ ಸೀಕಲು ಮಾತ್ರ ಮೇಲೆ ಬಂತು.

ದ್ಯಾಮವ್ವನ ಬಟ್ಟಲು ಇನ್ನೂ ಚಾಚಿಯೇ ಇತ್ತು.

“ಅದನ್ನೇ ಹಾಕಪ್ಪಾ,” ಎಂದಳು.