ಅಡಿವೆವ್ವನ ಗಂಟಿನ ಹಗ್ಗ

ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲ. ಕುರುಚಲು ಗುಡ್ಡದ ಬುಡದಲ್ಲಿ ಬೋರಗಲ್ಲು ಅಂತ ಒಂದೂರು. ಆ ಊರಲ್ಲೇ ಹುಟ್ಟಿ, ಆ ಊರಿಗೇ ಸೊಸೆಯಾದ ಅಡಿವೆವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಸಾಕು, ಕೂಸು ತಲೆ ಯಾವ ಕಡೆ ಮಾಡಿದೆ, ಇವತ್ತು ಬರುತ್ತದೋ ನಾಳೆಯೋ, ಎಲ್ಲ ಹೇಳುತ್ತಿದ್ದಳಂತೆ. ಅಡ್ಡ ತಿರುಗಿದ ಕೂಸೂ ಆಕೆಯ ಕೈ ತಾಕಿದರೆ ನಾಚಿ ನೆಟ್ಟಗಾಗುತ್ತಿತ್ತು ಅಂತಾರೆ. ದೇವರು ಕೆಲವರಿಗೆ ಅಂಗೈಯಲ್ಲೇ ಕಣ್ಣು ಇಟ್ಟಿರುತ್ತಾನೆ.

ಆ ಊರವರಿಗೆ ಗುಡ್ಡದಯ್ಯನೇ ದೇವರು, ನರಿಯೇ ಆತನ ಬಂಟ. ಬೋರೆಹಣ್ಣಿನ ಕಾಲಕ್ಕೆ ನರಿಗಳು ಪೊದೆಯಡಿ ಉದುರಿದ ಹಣ್ಣು ತಿಂದು ಅಲ್ಲಲ್ಲೇ ಹೊಲಸು ಮಾಡುತ್ತಿದ್ದವು. ನರಿ ತಿರುಗಾಡಿದ ಕಡೆಯ ಹಣ್ಣೇ ಅಯ್ಯನ ಪ್ರಸಾದ. ನೀರು ತಾಕಿಸಿದರೆ ಕೃಪೆ ತೊಳೆದುಹೋಗುತ್ತದೆ ಎಂದು ಮಣ್ಣು ಸಮೇತ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದೂ ಆ ಊರಲ್ಲಿ ಹುಟ್ಟಿದವರಿಗೆ ಮಾತ್ರ. ಹೊರಗಿಂದ ಬಂದ ಸೊಸೆಯರಿಗೆ ಆ ಹಣ್ಣಿಲ್ಲ. ಅವರ ಭಕ್ತಿ ಸುಳ್ಳಲ್ಲ. ಆದರೆ ಭಕ್ತಿಗೂ ಕಣ್ಣು ಬೇಕು.

ಒಂದು ವರ್ಷ ಸಾತವ್ವನ ಹೊಟ್ಟೆ ಊದಿತು. ಗಂಡ ತೀರಿಕೊಂಡು ಮೂರು ವರ್ಷದ ಹಿಂದೆ ತವರಿಗೆ ಬಂದು ಕೂತವಳು. ಊರು ಬಾಯಿಗೆ ಬಂದದ್ದು ಆಡಿತು. ಹುಣ್ಣಿಮೆಗೆ ಮೊದಲ ಹಣ್ಣಿನ ಪೂಜೆ; ಅಷ್ಟರೊಳಗೆ ಅವಳು ಊರು ಬಿಡಬೇಕು, ಇಲ್ಲವಾದರೆ ಅಯ್ಯ ಹಣ್ಣು ಮುಟ್ಟುವುದಿಲ್ಲ ಎಂದನಂತೆ ಪೂಜಾರಿ ಮುರಿಗೆಪ್ಪ. ಹುಣ್ಣಿಮೆಗೆ ಉಳಿದದ್ದು ಒಂಬತ್ತೇ ದಿನ.

ಅಡಿವೆವ್ವ ಹೋಗಿ ಹೊಟ್ಟೆ ಮುಟ್ಟಿದಳು. ಬಲಪಕ್ಕೆಯ ಕೆಳಗೆ ತೆಂಗಿನಕಾಯಿಯಷ್ಟು ಗಟ್ಟಿ ಗಡ್ಡೆ. ಮಿಸುಕದು, ಒದೆಯದು.

"ಯವ್ವಾ, ನೀನೂ ನನ್ನ ನಂಬೂದಿಲ್ಲೇನ?" ಎಂದು ಸಾತವ್ವ ಅತ್ತಳು.

"ಅಳಬ್ಯಾಡ ಮಗಳ. ನನ್ನ ಕೈ ಸುಳ್ಳು ಹೇಳೂದಿಲ್ಲ. ಇದು ಕೂಸಲ್ಲ."

ಈ ಗಡ್ಡೆಯನ್ನು ಆ ಕೈ ಮೊದಲೂ ಕಂಡಿತ್ತು. ಎಲ್ಲಿ? ಆಕೆ ಒಲೆಯ ಮುಂದೆ ಕೂತು ತಾನು ಹಿಡಿದ ಹೊಟ್ಟೆಗಳನ್ನೆಲ್ಲ ಒಂದೊಂದಾಗಿ ನೆನೆದಳಂತೆ. ಹೊರಗಿನ ಸೊಸೆಯರಲ್ಲಿ ಒಮ್ಮೆಯೂ ಇಲ್ಲ. ಹೆರಿಗೆಗೆ ತವರಿಗೆ ಬಂದ ಊರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಅಡಿಕೆಯಷ್ಟು, ಒಬ್ಬಳಿಗೆ ನಿಂಬೆಯಷ್ಟು. ಒಂದೇ ಮನೆ, ಒಂದೇ ಬಾವಿ, ಒಂದೇ ರೊಟ್ಟಿ. ಮಗಳಿಗೆ ಉಂಟು, ಸೊಸೆಗಿಲ್ಲ. ಮಗಳು ತಿಂದು ಸೊಸೆ ತಿನ್ನದ್ದು ಯಾವುದು?

ಉತ್ತರ ಹೊಳೆಯಿತಂತೆ: ಅಯ್ಯನ ಹಣ್ಣು. ಅಯ್ಯನಿಗೆ ಕೈಮುಗಿದು, ಮೇಕೆಕೂದಲಿನ ಹಗ್ಗಕ್ಕೆ ಸಾತವ್ವನ ಹೆಸರಿನ ಮೊದಲ ಗಂಟು ಹಾಕಿ, ಊರ ಹೆಣ್ಣು ಕೊಟ್ಟ ಹಳ್ಳಿಗಳ ದಾರಿ ಹಿಡಿದಳು.

ನಡೆದಳು ಅಂತಾರೆ, ಬರಿಗಾಲಲ್ಲಿ ನಡೆದಳು ಅಂತಾರೆ. ಒಂದು ಹಳ್ಳಿಯಲ್ಲಿ ಗಂಡನಿಗಿಲ್ಲ, ಅತ್ತೆಗಿಲ್ಲ, ಬೋರಗಲ್ಲಿನ ಮಗಳಿಗೆ ಮಾತ್ರ ಗಡ್ಡೆ. ಗಂಟು ಹಾಕಿದಳು. ಮುಂದಿನ ಹಳ್ಳಿಯಲ್ಲೂ ಹಾಗೇ. ಮತ್ತೊಂದು ಗಂಟು. ಊರು ಬಿಟ್ಟು ಇಪ್ಪತ್ತು ವರ್ಷವಾದವಳಲ್ಲೂ ಅದೇ; ಎಳೆವಯಸ್ಸಲ್ಲಿ ಹಣ್ಣಿನ ಜೊತೆ ಹೊಟ್ಟೆ ಸೇರಿದ ಗಡ್ಡೆಯ ಬೀಜ ಅಷ್ಟು ಕಾಲ ಮಲಗಿ ಎದ್ದಿತ್ತು. ಹೋದಷ್ಟು ಗಂಟು, ಹೋದಷ್ಟು ಭಯ. ದಿನಗಳೋ ಓಡುತ್ತಿದ್ದವು.

ಹುಣ್ಣಿಮೆಯ ಮಧ್ಯಾಹ್ನ. ಸಾತವ್ವ ಗಂಟುಮೂಟೆಯೊಂದಿಗೆ ಊರಬಾಗಿಲಲ್ಲಿ ನಿಂತಿದ್ದಾಳೆ. ಗುಡಿಯ ಮುಂದೆ ಹಣ್ಣಿನ ಬುಟ್ಟಿ. ಅಷ್ಟರಲ್ಲಿ ಅಡಿವೆವ್ವ ಒಡೆದ ಕಾಲೆಳೆಯುತ್ತ ಬಂದಳು.

"ಸೂಲಗಿತ್ತಿ ಬಂದಳಪೋ! ನೀರು ಕಾಸ್ರಿ!" ಎಂದು ಯಾರೋ ಅಣಕಿಸಿ ಕೂಗಿದರು.

ಆಕೆ ಹಗ್ಗ ಎತ್ತಿ ಹಿಡಿದು ಹತ್ತು ಹೆಣ್ಣುಮಕ್ಕಳ ಹೆಸರು ಹೇಳಿ, ಎಲ್ಲರಿಗೂ ಇದೇ ಗಡ್ಡೆ, ನರಿ ಹೊಲಸು ತಾಕಿದ ಹಣ್ಣನ್ನು ತೊಳೆಯದೆ ತಿಂದು ಬಂದದ್ದು ಎಂದಳು. ಗಂಟು ಹನ್ನೊಂದಿದ್ದವು. ಹನ್ನೊಂದನೆಯದು ಯಾರದೆಂದು ಯಾರೂ ಕೇಳಲಿಲ್ಲ. ಮುರಿಗೆಪ್ಪ ಕೇಳಿಸದವನಂತೆ ಹಣ್ಣನ್ನು ಬಾಯಿಗೆ ಒಯ್ದ. ಅಡಿವೆವ್ವ ಅವನ ಕೈ ಹಿಡಿದಳು.

"ನಿನ್ನ ಭೂಮಿಗೆ ಇಳಿಸಿದ ಕೈ ಇದು ಮುರಿಗ್ಯಾ. ಕಂಬಳಿ ಸರಸು."

ಸರಿಸುವ ತನಕ ಕಾಯಲಿಲ್ಲ. ಬಲಪಕ್ಕೆಗೆ ಕೈ ಒತ್ತಿದಳು. ಅವನು ನೋವಿಗೆ ಕಿರುಚಿದ.

"ಸಾತವ್ವನದಕ್ಕಿಂತ ದೊಡ್ಡದೈತಿ. ಹೇಳ್ರಪ್ಪಾ, ನಿಮ್ಮ ಪೂಜಾರಿಗೆ ಎಷ್ಟು ತಿಂಗಳು?"

ಜನ ಗೊಳ್ಳೆಂದಿತು. ನಗು ಅರ್ಧಕ್ಕೇ ನಿಂತಿತು. ಒಬ್ಬೊಬ್ಬರ ಕೈಯೂ ತಂತಮ್ಮ ಪಕ್ಕೆಯ ಮೇಲೆ ಹೋಗಿತ್ತು.

"ಹಂಗಾದ್ರ ಅಯ್ಯನ ಬಂಟ ನಮಗ ವಿಷ ಇಕ್ಕತಾನೇನ?" ಮುರಿಗೆಪ್ಪ ಕೈಯ ಹಣ್ಣನ್ನು ಬುಟ್ಟಿಗೆ ಹಾಕಿ ಕೇಳಿದ.

"ನರಿ ಅಯ್ಯಂದು ಖರೆ, ನರಿ ಹೊಲಸು ಅಯ್ಯಂದಲ್ಲ. ದಿನಾ ಅಯ್ಯನ ಮೈ ತೊಳೀತಿ. ಆತನ ಹಣ್ಣು ತೊಳದ್ರ ಯಾವ ಕೃಪಾ ಹೋಗತೈತಿ?"

ಪೂಜಾರಿಯ ಹೆಸರಿನ ಹನ್ನೆರಡನೇ ಗಂಟು ಅಲ್ಲೇ, ಎಲ್ಲರೆದುರು ಬಿತ್ತು. ಮುರಿಗೆಪ್ಪ ತಾನೇ ಊರಬಾಗಿಲಿಗೆ ಹೋಗಿ ಸಾತವ್ವನ ಗಂಟುಮೂಟೆ ಹೊತ್ತು ತಂದನಂತೆ.

ಗಡ್ಡೆ ಕರಗಿಸುವ ಮದ್ದು ಅಡಿವೆವ್ವನ ಬಳಿ ಇರಲಿಲ್ಲ. ಸಾತವ್ವ ಎರಡು ವರ್ಷ ಬದುಕಿ ತನ್ನ ಹಟ್ಟಿಯಲ್ಲೇ, ಮರ್ಯಾದೆಯಿಂದ ಕಣ್ಣು ಮುಚ್ಚಿದಳು. ಆಮೇಲೆ ಅಡಿವೆವ್ವನೂ ಶಿವನ ಪಾದ ಸೇರಿದಳು. ಆಕೆಯ ಮೈ ತೊಳೆದ ಹೆಂಗಸರ ಕೈಗೆ ಬಲಪಕ್ಕೆಯಲ್ಲಿ ಗಟ್ಟಿಯಾದದ್ದೇನೋ ತಾಕಿತು. ಹನ್ನೊಂದನೇ ಗಂಟು ಯಾರದೆಂದು ಆಗ ತಿಳಿಯಿತು.

ಹಳೆಯ ಬೀಜ ಇನ್ನೂ ಕೆಲವು ಗಂಟು ಬೀಳಿಸಿತು. ಆಮೇಲೆ ನಿಂತಿತು. ಇಂದಿಗೂ ಆ ಊರಲ್ಲಿ ಬೋರೆಹಣ್ಣನ್ನು ಮೂರು ನೀರಲ್ಲಿ ತೊಳೆದೇ ಅಯ್ಯನಿಗೆ ಎಡೆ ಇಡುತ್ತಾರೆ. ಮೊದಲ ನೀರಿಗೆ ಅಡಿವೆವ್ವನ ನೀರು ಅಂತಾರೆ. ಮೊದಲ ಹಣ್ಣು ಹೊಸ ಸೊಸೆಗೆ. ಹಗ್ಗ ಗುಡಿಯ ಕಂಬದಲ್ಲಿದೆ. ಕೂಸು ಹುಟ್ಟಿದ ಮನೆಯವರು ಅದರ ಗಂಟಿಲ್ಲದ ತುದಿಯನ್ನು ಕೂಸಿನ ಹೊಟ್ಟೆಗೆ ಮುಟ್ಟಿಸಿ, "ಯವ್ವಾ, ಇದು ಹಿಂಗಽ ಇರಲಿ" ಅನ್ನುತ್ತಾರೆ.